ಹೂತವರ ಕೈಕೆಲಸ: ಇತಿಹಾಸಪೂರ್ವದ ಸಮಾಧಿಗಳನ್ನು ಓದುವ ಬಗೆ

ಮನುಷ್ಯ ಸತ್ತವರನ್ನು ಹೂಳಲು ಶುರುಮಾಡಿದ್ದು ಯಾವಾಗ? ಇಂದಿನ ವಿಷಯ ಕೇಳಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದೇ. ಒಂದು ಇಸವಿ ಹೇಳಿ ಮುಗಿಸುವಂತಿದ್ದರೆ ನನ್ನ ಮಾತು ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಆದರೆ ಮಣ್ಣಿನಡಿ ಎಲುಬು ಸಿಕ್ಕಿತು ಎಂದ ಮಾತ್ರಕ್ಕೆ ಅದನ್ನು ಯಾರೋ ಹೂತರು ಎನ್ನಲು ಬರುವುದಿಲ್ಲ. ಗವಿಯ ಸೂರು ಕುಸಿದು ಕೆಳಗಿದ್ದವರನ್ನು ಮುಚ್ಚಿಹಾಕುತ್ತದೆ. ಮಳೆನೀರು ಹೆಣವನ್ನು ತಗ್ಗಿಗೆ ತಂದು ಕೆಸರು ಹೊದಿಸುತ್ತದೆ. ಕತ್ತೆಕಿರುಬ ಸಿಕ್ಕಿದ್ದನ್ನು ತನ್ನ ಗುಹೆಗೆ ಎಳೆದೊಯ್ಯುತ್ತದೆ. ಚಳಿಗೆ ಮೂಲೆಯಲ್ಲಿ ಮುದುರಿ ಮಲಗಿದ ಮುದುಕ ಬೆಳಿಗ್ಗೆ ಏಳದೇ ಹೋಗಿರಬಹುದು, ಉಳಿದವರು ಗವಿ ಬಿಟ್ಟು ಹೊರಟಿರಬಹುದು. ಲಕ್ಷ ವರ್ಷದ ನಂತರ ಅಗೆದು ನೋಡುವ ನಮಗೆ ಈ ನಾಲ್ಕೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

ಹಾಗಾದರೆ ಗುರುತಿಸುವುದು ಹೇಗೆ? ಮೊದಲು ಗುಂಡಿಯನ್ನು ಹುಡುಕುತ್ತೇವೆ. ಅಗೆದು ಮುಚ್ಚಿದ ಮಣ್ಣು ಸುತ್ತಲಿನ ಮಣ್ಣಿನೊಂದಿಗೆ ಪೂರ್ತಿ ಬೆರೆಯುವುದಿಲ್ಲ. ಪೈಪು ಹಾಕಲು ರಸ್ತೆ ಅಗೆದು, ಮೇಲೆ ಎಷ್ಟೇ ಡಾಂಬರು ಬಳಿದರೂ ಆ ಪಟ್ಟಿ ವರ್ಷಗಟ್ಟಲೆ ಎದ್ದು ಕಾಣುತ್ತದಲ್ಲ, ಹಾಗೆಯೇ. ಬಣ್ಣ ಬೇರೆ, ಹದ ಬೇರೆ, ಮೇಲಿನ ಪದರದ ಇದ್ದಿಲ ಚೂರು ಕೆಳಗೆ ಬಂದಿರುತ್ತದೆ. ಎರಡನೆಯದಾಗಿ ಸಂದುಗಳನ್ನು ನೋಡುತ್ತೇವೆ. ದೇಹದ ಎಲ್ಲ ಕೀಲುಗಳೂ ಒಟ್ಟಿಗೆ ಬಿಡುವುದಿಲ್ಲ. ಕೈಬೆರಳು, ಪಾದದ ಸಣ್ಣ ಮೂಳೆಗಳು, ಕತ್ತು, ಇವು ಬೇಗ ಕಳಚಿಕೊಳ್ಳುತ್ತವೆ; ಸೊಂಟ, ಮೊಣಕಾಲು ನಿಧಾನ. ಬೆರಳಿನ ಮೂಳೆಗಳು ಸಾಲಾಗಿ ತಮ್ಮ ತಮ್ಮ ಜಾಗದಲ್ಲೇ ಇದ್ದರೆ, ಮಾಂಸ ಕರಗುವ ಮೊದಲೇ ಮಣ್ಣು ಮುಚ್ಚಿತ್ತು ಎಂದು ಅರ್ಥ. ನರಿಗೂ ಇಲಿಗೂ ಅವಕಾಶ ಸಿಕ್ಕಿಲ್ಲ. ಇದು ವೈದ್ಯರಿಗೆ, ಪೊಲೀಸರಿಗೆ ಗೊತ್ತಿದ್ದ ವಿದ್ಯೆ. ನಾವು ಪುರಾತತ್ವದವರು ಕಲಿತದ್ದು ತಡವಾಗಿ. ಹಳೆಯ ಉತ್ಖನನಗಳಲ್ಲಿ ತಲೆಬುರುಡೆ ಸಿಕ್ಕ ಸಂಭ್ರಮದಲ್ಲಿ ಬೆರಳಿನ ಮೂಳೆಗಳನ್ನು ಮಂಕರಿಯಲ್ಲಿ ಹೊತ್ತು ಹೊರಗೆ ಸುರಿದದ್ದೇ ಹೆಚ್ಚು.

ಈ ವಿದ್ಯೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಮಗುವಿನ ವಿಷಯ ಹೇಳುತ್ತೇನೆ. ಕೀನ್ಯಾದ ಕರಾವಳಿಗೆ ಹತ್ತಿರ ಪಂಗಾ ಯಾ ಸೈದಿ ಎಂಬ ಗವಿ ಇದೆ. ಅದರ ಬಾಯಿಯ ಬಳಿ, ಇಂದಿನ ನೆಲದಿಂದ ಸುಮಾರು ಮೂರು ಮೀಟರ್ ಕೆಳಗೆ, ಒಂದು ದುಂಡನೆಯ ಸಣ್ಣ ಗುಂಡಿ ಸಿಕ್ಕಿತು. ಒಳಗಿದ್ದ ಎಲುಬು ಮುಟ್ಟಿದರೆ ಹಿಟ್ಟಾಗುವಷ್ಟು ಕೊಳೆತಿತ್ತು. ಅಗೆಯುತ್ತಿದ್ದವರು ಬುದ್ಧಿವಂತಿಕೆಯಿಂದ ಅಲ್ಲಿಯೇ ಕೈ ತಡೆದರು. ಸುತ್ತಲಿನ ಮಣ್ಣಿನ ಸಮೇತ ಇಡೀ ಗಟ್ಟಿಗೆ ಪ್ಲಾಸ್ಟರ್ ಕಟ್ಟಿ ಎತ್ತಿದರು, ನೈರೋಬಿಗೆ ಒಯ್ದರು, ಅಲ್ಲಿಂದ ಸ್ಪೇನಿನ ಬುರ್ಗೋಸ್ ನಗರದ ಪ್ರಯೋಗಾಲಯಕ್ಕೆ ಕಳಿಸಿದರು. ಗವಿಯಲ್ಲಿ ಒಂದು ದಿನದಲ್ಲಿ ಮುಗಿಯಬಹುದಾಗಿದ್ದ ಕೆಲಸವನ್ನು ತಿಂಗಳುಗಟ್ಟಲೆ ಮೇಜಿನ ಮೇಲಿಟ್ಟು ಮಾಡಿದರು. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ಎರಡೂವರೆಯಿಂದ ಮೂರು ವರ್ಷದ ಮಗು. ಕಾಲ ಸುಮಾರು 78,000 ವರ್ಷದ ಹಿಂದೆ. ಆಫ್ರಿಕಾದಲ್ಲಿ ಇದುವರೆಗೆ ಸಿಕ್ಕ ನಮ್ಮದೇ ಪ್ರಭೇದದ, ಅಂದರೆ ಹೋಮೋ ಸೇಪಿಯನ್ಸ್ ಮನುಷ್ಯರ ಸಮಾಧಿಗಳಲ್ಲಿ ಇದಕ್ಕಿಂತ ಹಳೆಯದು ಖಚಿತವಾಗಿ ಇನ್ನೊಂದಿಲ್ಲ. ಅದಕ್ಕೆ ಮ್ಟೊಟೊ ಎಂದು ಹೆಸರಿಟ್ಟರು. ಸ್ವಾಹಿಲಿಯಲ್ಲಿ ಮಗು ಎಂದೇ ಅರ್ಥ.

ಈಗ ಗಮನಿಸಿ. ಮಗು ಬಲಮಗ್ಗುಲಾಗಿ, ಮೊಣಕಾಲು ಎದೆಗೆ ಎಳೆದುಕೊಂಡು ಮಲಗಿದೆ. ಗುಂಡಿ ತುಂಬಿರುವುದು ಗವಿಯ ನೆಲದಿಂದಲೇ ಬಾಚಿ ಹಾಕಿದ ಮಣ್ಣಿನಿಂದ. ಕೊರಳೆಲುಬು ಮತ್ತು ಮೇಲಿನ ಪಕ್ಕೆಲುಬುಗಳು ಒಳಕ್ಕೆ ತಿರುಗಿಕೊಂಡಿವೆ. ಸುಮ್ಮನೆ ಮಣ್ಣಿನಲ್ಲಿಟ್ಟ ದೇಹದಲ್ಲಿ ಹೀಗಾಗುವುದಿಲ್ಲ, ಭುಜಗಳನ್ನು ಬಿಗಿದು ಸುತ್ತಿದರೆ ಆಗುತ್ತದೆ. ಚರ್ಮವೋ ಎಲೆಯೋ ನಾರೋ ಗೊತ್ತಿಲ್ಲ, ಏನೋ ಒಂದನ್ನು ಸುತ್ತಿದ್ದರು. ತಲೆ ಮಾತ್ರ ಬೆನ್ನೆಲುಬಿನ ಸಾಲು ಬಿಟ್ಟು ವಾಲಿದೆ. ತಲೆಯ ಕೆಳಗೆ ಮೆತ್ತನೆಯದೇನೋ ಇದ್ದು, ಅದು ಕರಗಿ ಟೊಳ್ಳಾದ ಮೇಲೆ ತಲೆ ಜರುಗಿದರೆ ಈ ಭಂಗಿ ಬರುತ್ತದೆ. ಅಂದರೆ ದಿಂಬು. ದಿಂಬು ಸಿಕ್ಕಿಲ್ಲ, ಹೊದಿಕೆ ಸಿಕ್ಕಿಲ್ಲ. ಎರಡೂ ಇದ್ದವು ಎಂಬುದನ್ನು ಎಲುಬುಗಳ ವಾಲಿಕೆ ಹೇಳುತ್ತಿದೆ. ಮಣಿ ಇಲ್ಲ, ಬಣ್ಣ ಇಲ್ಲ, ಪಕ್ಕದಲ್ಲಿ ಕಾಣಿಕೆ ಇಲ್ಲ. ಆದರೂ ನನ್ನ ಮಟ್ಟಿಗೆ ಇಷ್ಟು ಗಟ್ಟಿಯಾದ ಸಾಕ್ಷ್ಯ ಇರುವ ಹಳೆಯ ಸಮಾಧಿಗಳು ಬಹಳ ಕಡಿಮೆ.

ಇದಕ್ಕೆ ಎದುರಾಗಿ ಹೂವಿನ ಕಥೆಯೊಂದಿದೆ. ನಿಮ್ಮಲ್ಲಿ ಹಲವರು ಅದನ್ನು ಶಾಲೆಯಲ್ಲೇ ಕೇಳಿರುತ್ತೀರಿ: ನಿಯಾಂಡರ್ತಾಲರು, ಅಂದರೆ ಈಗ ಅಳಿದುಹೋಗಿರುವ, ನಮ್ಮ ನೆಂಟರಾದ ಇನ್ನೊಂದು ಬಗೆಯ ಮನುಷ್ಯರು, ಸತ್ತವನ ಮೇಲೆ ಹೂ ಹಾಕಿದರು. ಇರಾಕಿನ ಕುರ್ದಿಸ್ತಾನದ ಶಾನಿದಾರ್ ಗವಿಯಲ್ಲಿ ರಾಲ್ಫ್ ಸೊಲೆಕಿ ಎಂಬ ಅಮೆರಿಕನ್ನರು 1951ರಿಂದ 1960ರವರೆಗೆ ಅಗೆದರು. ಹತ್ತು ನಿಯಾಂಡರ್ತಾಲರ ಅವಶೇಷ ಸಿಕ್ಕಿತು. ನಾಲ್ಕನೆಯ ಅಸ್ಥಿಪಂಜರದ ಸುತ್ತಲಿನ ಮಣ್ಣನ್ನು ಪರೀಕ್ಷೆಗೆ ಕಳಿಸಿದಾಗ ಫ್ರಾನ್ಸಿನ ಪರಾಗತಜ್ಞೆ ಆರ್ಲೆಟ್ ಲೆರೊಯ್-ಗೂರಾನ್ ಅದರಲ್ಲಿ ಕಾಡುಹೂಗಳ ಪರಾಗವನ್ನು ಗುಂಪುಗುಂಪಾಗಿ ಕಂಡರು. ಗಾಳಿಯಲ್ಲಿ ತೂರಿ ಬಂದ ಪರಾಗ ಬಿಡಿಬಿಡಿಯಾಗಿರಬೇಕು, ಗುಂಪಾಗಿದ್ದರೆ ಹೂವೇ ಬಂದಿರಬೇಕು. ತರ್ಕ ಸರಿಯಾಗಿಯೇ ಇತ್ತು. ಅಮೆರಿಕದ ತರುಣರು ತಲೆಗೆ ಹೂ ಮುಡಿದು ತಿರುಗುತ್ತಿದ್ದ ಕಾಲವೂ ಅದೇ. ಸುದ್ದಿ ಜಗತ್ತೆಲ್ಲ ಹಬ್ಬಿತು.

ಸಂಶಯ ಬಂದದ್ದು ಇಲಿಯಿಂದ. ಆ ಸೀಮೆಯ ಒಂದು ಜಾತಿಯ ಬಿಲದ ಇಲಿ ಹೂತಲೆಗಳನ್ನು ಕಚ್ಚಿ ತಂದು ಬಿಲದಲ್ಲಿ ಕೂಡಿಡುತ್ತದೆ. ಅಂಥ ಬಿಲಗಳು ಅಸ್ಥಿಪಂಜರದ ಆಸುಪಾಸಿನಲ್ಲೇ ಇದ್ದವು. 1999ರಲ್ಲಿ ಈ ವಾದ ಬಂತು. ನಂತರ ಅದೇ ಗವಿಯಲ್ಲಿ ಮತ್ತೆ ಕೆಲಸ ಶುರುಮಾಡಿದ ತಂಡ 2023ರಲ್ಲಿ ಇನ್ನೊಂದು ಮಾತು ಹೇಳಿತು: ಒಂದೊಂದು ಪರಾಗದ ಗುಂಪಿನಲ್ಲೂ ಬೇರೆ ಬೇರೆ ಹೂಗಳ ಪರಾಗ ಬೆರೆತಿದೆ, ಇದು ನೆಲದಲ್ಲಿ ಗೂಡು ಮಾಡುವ ದುಂಬಿಗಳ ಕೆಲಸವಿರಬಹುದು. ಇಡಿಯ ಹೂವನ್ನು ಇಟ್ಟಿದ್ದರೆ ಒಂದು ಗುಂಪಿನಲ್ಲಿ ಒಂದೇ ಬಗೆಯ ಪರಾಗ ಇರಬೇಕಿತ್ತು.

ಹೂವು ಹೋಯಿತು ಎಂದು ಬೇಸರ ಪಡಬೇಕಾಗಿಲ್ಲ. ಆ ತಂಡಕ್ಕೆ 2018ರಲ್ಲಿ ನಾಲ್ಕನೆಯವನ ಪಕ್ಕದಲ್ಲೇ ಇನ್ನೊಂದು ದೇಹದ ಮೇಲ್ಭಾಗ ಸಿಕ್ಕಿತು. ತಲೆ ಎಡಗೈಯ ಮೇಲೆ ಒರಗಿದೆ. ಸುಮಾರು 70,000 ವರ್ಷ ಹಳೆಯದು. ನೀರು ಕೊರೆದ ತಗ್ಗನ್ನು ಇನ್ನಷ್ಟು ಆಳ ಮಾಡಿ ಇಟ್ಟಂತಿದೆ ಎಂದು ಮಣ್ಣಿನ ಸೂಕ್ಷ್ಮ ಪರೀಕ್ಷೆ ಹೇಳುತ್ತದೆ. ಒಂದೇ ಜಾಗಕ್ಕೆ, ಒಂದು ದೊಡ್ಡ ಬಂಡೆಯ ಮಗ್ಗುಲಿಗೆ, ಹಲವು ಬಾರಿ ಸತ್ತವರನ್ನು ತಂದಿದ್ದಾರೆ. ಹೂವಿಗಿಂತ ನನಗೆ ಇದು ದೊಡ್ಡ ಸಂಗತಿ. ಹಿಂದೆ ಇಟ್ಟ ಜಾಗವನ್ನು ನೆನಪಿನಲ್ಲಿಟ್ಟುಕೊಂಡು ಮರಳಿ ಬರುವುದು ಇಲಿಯೂ ದುಂಬಿಯೂ ಮಾಡುವ ಕೆಲಸವಲ್ಲ. ಅದೇ ಗವಿಯ ಒಂದನೆಯ ಅಸ್ಥಿಪಂಜರದ ವಿಷಯವನ್ನೂ ಹೇಳಿಬಿಡುತ್ತೇನೆ. ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ, ಎಡಗಣ್ಣಿನ ಗೂಡು ಹಳೆಯ ಪೆಟ್ಟಿಗೆ ಜಜ್ಜಿಹೋಗಿದೆ, ಆ ಕಾಲಕ್ಕೆ ವಯಸ್ಸಾದ ಗಂಡಸು. ಗಾಯಗಳೆಲ್ಲ ಮಾಗಿವೆ, ಅಂದರೆ ವರ್ಷಗಟ್ಟಲೆ ಬದುಕಿದ್ದ, ಯಾರೋ ನೋಡಿಕೊಂಡಿದ್ದರು. ಸೊಲೆಕಿಯವರ ಅಂದಾಜಿನಲ್ಲಿ ಅವನು ಸತ್ತದ್ದು ಸೂರಿನ ಕಲ್ಲು ಬಿದ್ದು. ಬದುಕಿದ್ದಾಗ ಅಷ್ಟು ಆರೈಕೆ ಪಡೆದವನಿಗೆ ಸತ್ತಾಗ ಗುಂಡಿ ಸಿಕ್ಕಿತೋ ಇಲ್ಲವೋ ಹೇಳುವುದು ಕಷ್ಟ. ಹೂಳದೇ ಇದ್ದವರನ್ನು ಪ್ರೀತಿ ಇಲ್ಲದವರು ಎಂದು ತೀರ್ಮಾನಿಸುವ ಮೊದಲು ಇವನನ್ನು ನೆನೆಯಿರಿ.

ಇನ್ನೂ ಹಿಂದಕ್ಕೆ ಹೋದರೆ ನೆಲ ಜಾರುತ್ತದೆ. ಸ್ಪೇನಿನ ಅಟಪುಯೆರ್ಕಾದಲ್ಲಿ ಸುಮಾರು 4,30,000 ವರ್ಷದ ಹಿಂದಿನ ಕಡಿದಾದ ಹೊಂಡವೊಂದರ ತಳದಲ್ಲಿ ಕನಿಷ್ಠ 28 ಜನರ ಮೂಳೆ ಸಿಕ್ಕಿದೆ, ಜೊತೆಗೆ ಒಂದೇ ಒಂದು ಕೆಂಪು ಕಲ್ಲಿನ ಕೈಗೊಡಲಿ. ತಂದು ಹಾಕಿದ್ದೋ, ಬಿದ್ದದ್ದೋ? ದಕ್ಷಿಣ ಆಫ್ರಿಕಾದ ರೈಸಿಂಗ್ ಸ್ಟಾರ್ ಗವಿಯಲ್ಲಿ ಸಣ್ಣ ಮೆದುಳಿನ ಹೋಮೋ ನಲೆಡಿ ಎಂಬ ಜೀವಿ ತನ್ನವರನ್ನು ಹೂತಿತ್ತು ಎಂದು 2023ರಲ್ಲಿ ಲೀ ಬರ್ಗರ್ ಮತ್ತು ಸಂಗಡಿಗರು ಹೇಳಿದಾಗ ವಿಮರ್ಶಕರು ಸಾಕ್ಷ್ಯ ಸಾಲದು ಎಂದು ಮುಗಿಬಿದ್ದರು. ಆ ಜಗಳ ಇನ್ನೂ ನಡೆಯುತ್ತಿದೆ. ಅದನ್ನು ಅಲ್ಲಿಗೇ ಬಿಡೋಣ.

ನಾನು ಇಂದು ಹೇಳಬೇಕೆಂದಿರುವ ಮಾತು ಇಷ್ಟೇ. ಸಮಾಧಿ ಸಿಕ್ಕಾಗಲೆಲ್ಲ ನಾವು ಪರಲೋಕದ ನಂಬಿಕೆ, ಆತ್ಮ, ಪುನರ್ಜನ್ಮ ಎಂದು ಹೊರಟುಬಿಡುತ್ತೇವೆ. ನಂಬಿಕೆ ಮಣ್ಣಿನಲ್ಲಿ ಉಳಿಯುವುದಿಲ್ಲ. ಮಾಡಿದ ಕೆಲಸ ಉಳಿಯುತ್ತದೆ. ಯಾರು ಎಷ್ಟು ಅಗೆದರು, ಏನನ್ನು ಸುತ್ತಿದರು, ಯಾವುದನ್ನು ಎಷ್ಟು ದೂರದಿಂದ ಹೊತ್ತು ತಂದರು, ಯಾರಿಗೆ ಮಾಡಿದರು, ಯಾರಿಗೆ ಮಾಡಲಿಲ್ಲ. ಸತ್ತವನ ವಿಷಯಕ್ಕಿಂತ ಹೂತವರ ವಿಷಯವೇ ಅಲ್ಲಿ ಹೆಚ್ಚು ಬರೆದಿರುತ್ತದೆ.

ರಷ್ಯಾದ ಸುಂಗೀರ್ ಇದಕ್ಕೆ ಒಳ್ಳೆಯ ಉದಾಹರಣೆ. ಮಾಸ್ಕೋದ ಪೂರ್ವಕ್ಕೆ ವ್ಲಾದಿಮಿರ್ ನಗರದ ಅಂಚಿನಲ್ಲಿದೆ. ಸುಮಾರು 34,000 ವರ್ಷದ ಹಿಂದೆ ಬೇಟೆಗಾರರು ಅಲ್ಲಿ ಇಬ್ಬರು ಹುಡುಗರನ್ನು ಒಂದೇ ಉದ್ದನೆಯ ಗುಂಡಿಯಲ್ಲಿ, ತಲೆಗೆ ತಲೆ ತಾಗಿಸಿ ಮಲಗಿಸಿದರು. ಒಬ್ಬನಿಗೆ ಹತ್ತು ವರ್ಷ, ಇನ್ನೊಬ್ಬನಿಗೆ ಹನ್ನೆರಡು ಇರಬಹುದು. ಮೈಮೇಲೆ ಕೆಂಪು ಜಾಜು. ಪಕ್ಕದಲ್ಲಿ ಮ್ಯಾಮತ್ ಆನೆಯ ಬಾಗಿದ ದಂತವನ್ನು ನೆಟ್ಟಗೆ ಮಾಡಿ ಕೊರೆದ ಈಟಿಗಳು. ಒಂದರ ಉದ್ದ 2.4 ಮೀಟರ್. ಬಟ್ಟೆಗೆ ಹೊಲಿದಿದ್ದ ದಂತದ ಮಣಿಗಳು ಇಬ್ಬರದೂ ಸೇರಿ ಸುಮಾರು 10,000. ಸಮೀಪದ ಇನ್ನೊಂದು ಗುಂಡಿಯಲ್ಲಿದ್ದ ದೊಡ್ಡವನಿಗೆ ಸುಮಾರು 3,000. ಒಂದು ಮಣಿಯನ್ನು ಕಲ್ಲಿನ ಉಪಕರಣದಿಂದ ಕತ್ತರಿಸಿ, ತೂತು ಕೊರೆದು, ಉಜ್ಜಿ ನಯ ಮಾಡಲು ಒಂದು ತಾಸಿನಷ್ಟು ಬೇಕು ಎಂದು ಮಾಡಿ ನೋಡಿದವರ ಅಂದಾಜು. ಲೆಕ್ಕ ಹಾಕಿ: ಒಬ್ಬನೇ ದಿನಕ್ಕೆ ಎಂಟು ತಾಸು ಕುಳಿತರೆ ಹುಡುಗರ ಮಣಿಗಳಿಗೇ ಮೂರು ವರ್ಷ ದಾಟುತ್ತದೆ. ಸತ್ತ ಮೇಲೆ ಶುರುಮಾಡಿದ ಕೆಲಸವಂತೂ ಅಲ್ಲ. ಆ ಚಳಿಯಲ್ಲಿ, ಬೇಟೆ ಸಿಕ್ಕರೆ ಊಟ ಎಂಬ ಬದುಕಿನಲ್ಲಿ, ಕುಳಿತು ಮಣಿ ಮಾಡುವಷ್ಟು ಕೈಗಳೂ ಹೊತ್ತೂ ಅವರಿಗಿದ್ದವು.

ಹುಡುಗರು ಇಷ್ಟನ್ನು ಸಂಪಾದಿಸಿರಲಾರರು. ಹಾಗಾದರೆ ಗೌಡಿಕೆ ಹುಟ್ಟಿನಿಂದಲೇ ಬರುತ್ತಿತ್ತೇ? ಹಾಗೆ ವಾದಿಸುವವರಿದ್ದಾರೆ. ನನಗೆ ಅಷ್ಟು ಧೈರ್ಯವಿಲ್ಲ. ಚಿಕ್ಕವನ ತೊಡೆಯ ಮೂಳೆಗಳು ಹುಟ್ಟಿನಿಂದಲೇ ಗಿಡ್ಡವಾಗಿ ಬಾಗಿದ್ದವು. ಆ ಕಾಲದ ಯುರೋಪಿನ ಅದ್ದೂರಿ ಸಮಾಧಿಗಳನ್ನು ಸಾಲಾಗಿ ಇಟ್ಟರೆ ಮೈಯಲ್ಲಿ ಏನಾದರೂ ವಿಶೇಷ ಇದ್ದವರು ಕಣ್ಣಿಗೆ ಬೀಳುವಷ್ಟು ಸಂಖ್ಯೆಯಲ್ಲಿ ಸಿಗುತ್ತಾರೆ. ಒಟ್ಟು ಸಮಾಧಿಗಳೇ ಬೆರಳೆಣಿಕೆಯಷ್ಟು ಎಂಬುದನ್ನೂ ಮರೆಯಬೇಡಿ. ಹತ್ತಾರು ಸಾವಿರ ವರ್ಷಗಳ ಅವಧಿಯಲ್ಲಿ ಬದುಕಿ ಸತ್ತವರಲ್ಲಿ ಗುಂಡಿ ಸಿಕ್ಕವರು ತೀರಾ ಸ್ವಲ್ಪ. ಉಳಿದವರನ್ನು ಏನು ಮಾಡಿದರು? ಕಾಡಿಗೆ, ನೀರಿಗೆ, ಮರಕ್ಕೆ, ಬೆಂಕಿಗೆ ಕೊಟ್ಟಿರಬಹುದು. ಮೊದಮೊದಲ ಸಮಾಧಿಗಳೆಲ್ಲ ಅಪವಾದಗಳು; ಅಪವಾದವನ್ನು ಕಂಡು ಪದ್ಧತಿಯನ್ನು ಬರೆಯುವುದು ನಮ್ಮ ಕಸುಬಿನ ಹಳೆಯ ಚಟ.

ಈಗ ನಮ್ಮ ಸೀಮೆಗೆ ಬರೋಣ. ರಾಯಚೂರು, ಬಳ್ಳಾರಿ, ಚಿತ್ರದುರ್ಗದ ಕಲ್ಲುಗುಡ್ಡಗಳ ಸಂದಿಯಲ್ಲಿ ಕ್ರಿಸ್ತಪೂರ್ವ 3000ದಿಂದ ಈಚೆಗೆ ದನ ಸಾಕಿ, ರಾಗಿಯ ನೆಂಟರಂಥ ಕಿರುಧಾನ್ಯ ಮತ್ತು ಹುರುಳಿ ಬೆಳೆದು, ಉಜ್ಜಿ ನಯ ಮಾಡಿದ ಕಲ್ಲುಗೊಡಲಿ ಬಳಸುತ್ತಿದ್ದ ಜನ ಇದ್ದರು. ದನದ ಸೆಗಣಿ ಸುಟ್ಟು ಉಳಿದ ಬೂದಿದಿಬ್ಬಗಳನ್ನು ಬಿಟ್ಟುಹೋದವರೂ ಇವರೇ. ಪಿಕ್ಲಿಹಾಳ, ಮಸ್ಕಿ, ತೆಕ್ಕಲಕೋಟೆ, ಬ್ರಹ್ಮಗಿರಿ, ಟಿ. ನರಸೀಪುರ, ಹಳ್ಳೂರು, ಹೆಸರುಗಳು ನಿಮಗೆ ಗೊತ್ತು. ಇವರು ದೊಡ್ಡವರನ್ನು ಗುಂಡಿಯಲ್ಲಿ ಉದ್ದಕ್ಕೆ ಮಲಗಿಸಿ ಪಕ್ಕಕ್ಕೆ ಒಂದೆರಡು ಮಡಕೆ ಇಡುತ್ತಿದ್ದರು. ಎಳೆಯ ಕೂಸುಗಳನ್ನು ಬೂದುಬಣ್ಣದ ಮಡಕೆಯೊಳಗಿಟ್ಟು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಸುಡುಗಾಡು ಎಂಬ ಬೇರೆ ಜಾಗವೇ ಇಲ್ಲ. ಅದೇ ನೆಲದ ಮೇಲೆ ಅಡುಗೆ, ಊಟ, ನಿದ್ರೆ. ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ 1960ರ ದಶಕದಲ್ಲಿ ಅಗೆದಾಗ, ದೊಡ್ಡವರಿಗೂ ಹಲವು ಮಡಕೆಗಳನ್ನು ಬಾಯಿಗೆ ಬಾಯಿ ಜೋಡಿಸಿ ಅಡ್ಡ ಮಲಗಿಸಿದ ಸಮಾಧಿ ಕಂಡಿತು. ಮಡಕೆ ಮಾಡುವವರಿಗೆ ಅದು ಸಣ್ಣ ಕೆಲಸವಲ್ಲ.

ಕೂಸುಗಳಿಗೇ ಬೇರೆ ಪದ್ಧತಿ ಯಾಕೆ? ನಮ್ಮಲ್ಲಿ ಈಗಲೂ, ಸುಡುವ ಸಂಪ್ರದಾಯದ ಮನೆಗಳಲ್ಲೂ, ಹಲ್ಲು ಮೂಡದ ಮಗುವನ್ನು ಸುಡುವುದಿಲ್ಲ, ಹೂಳುತ್ತಾರೆ. ಈ ಮಾತು ಹೇಳಿದ ಕೂಡಲೇ ಸಭೆಯಲ್ಲಿ ತಲೆಗಳು ಅಲ್ಲಾಡುವುದನ್ನು ನೋಡಿದ್ದೇನೆ. ನಾಲ್ಕು ಸಾವಿರ ವರ್ಷದ ನೇರ ಗೆರೆ ಎಳೆಯಲು ಮನಸ್ಸು ಹಾತೊರೆಯುತ್ತದೆ. ನಾನು ಎಳೆಯುವುದಿಲ್ಲ. ನಡುವೆ ಎಷ್ಟೋ ಜನ ಬಂದರು, ಹೋದರು. ಮಗುವನ್ನು ದೊಡ್ಡವರಿಗಿಂತ ಬೇರೆಯಾಗಿ ಕಾಣುವುದು ಜಗತ್ತಿನ ಹಲವು ಕಡೆ ತಾನೇ ತಾನಾಗಿ ಹುಟ್ಟಿಕೊಂಡಿದೆ.

ಮಡಕೆಯ ಮಾತು ಬಂದದ್ದರಿಂದ ಪುಣೆ ಜಿಲ್ಲೆಯ ಇನಾಂಗಾವ್‌ಗೆ ಒಂದು ಸುತ್ತು ಹೋಗಿ ಬರೋಣ. ಡೆಕ್ಕನ್ ಕಾಲೇಜಿನವರು 1968ರಿಂದ 1983ರವರೆಗೆ ಅಗೆದ ತಾಮ್ರಶಿಲಾಯುಗದ ಊರು. ಅಲ್ಲಿಯೂ ಕೂಸುಗಳು ಮನೆಯ ನೆಲದಡಿ, ಎರಡು ಮಡಕೆಗಳ ಬಾಯಿ ಕೂಡಿಸಿದ ಗೂಡಿನಲ್ಲಿ. ದೊಡ್ಡವರ ಪಾದಗಳನ್ನು ಕಣಕಾಲಿನ ಬಳಿ ಕತ್ತರಿಸಿ ಹೂತಿದ್ದಾರೆ. ದೆವ್ವವಾಗಿ ಎದ್ದು ನಡೆಯಬಾರದು ಎಂದು ಒಂದು ವಿವರಣೆ ಇದೆ. ದೆವ್ವದ ಪಾದ ಹಿಂದುಮುಂದು ಎಂದು ಕೇಳುತ್ತ ಬೆಳೆದ ನಮಗೆ ಅದು ಥಟ್ಟನೆ ಒಪ್ಪಿಗೆಯಾಗುತ್ತದೆ. ಮನೆ ಬಿಟ್ಟು ಹೋಗಬಾರದು, ಇಲ್ಲಿಯೇ ಇರಲಿ ಎಂದೂ ಆಗಿರಬಹುದಲ್ಲ? ಮೂಳೆಯ ಮೇಲೆ ಭಯ, ಮೋಹ ಎರಡೂ ಒಂದೇ ಗುರುತು ಬಿಡುತ್ತವೆ. ಖಚಿತವಾಗಿ ಹೇಳಬಹುದಾದದ್ದು ಇನ್ನೊಂದಿದೆ. ಊರಿನ ದೊಡ್ಡ ಮನೆಯೊಂದರ ಅಂಗಳದಲ್ಲಿ ನಾಲ್ಕು ಕಾಲುಳ್ಳ ಮಣ್ಣಿನ ವಾಡೆಯೊಳಗೆ ಸುಮಾರು ನಲವತ್ತು ವರ್ಷದ ಗಂಡಸನ್ನು ಕುಳ್ಳಿರಿಸಿದ್ದರು. ಅವನ ಪಾದಗಳನ್ನು ಮುಟ್ಟಿಲ್ಲ. ನಿಯಮ ಎಲ್ಲರಿಗೂ, ದೊಡ್ಡ ಮನೆಗೆ ರಿಯಾಯಿತಿ. ಈ ಪದ್ಧತಿಯ ವಯಸ್ಸು ಮೂರು ಸಾವಿರ ವರ್ಷ ಎಂದು ತಿಳಿದು ನಿಮಗೆ ಆಶ್ಚರ್ಯವಾಗಲಿಕ್ಕಿಲ್ಲ.

ಕಬ್ಬಿಣ ಬಂದ ಮೇಲೆ ನಮ್ಮ ಸೀಮೆಯ ಚಿತ್ರ ಬದಲಾಗುತ್ತದೆ. ಸತ್ತವರು ಮನೆಯಿಂದ ಹೊರಗೆ ಹೋಗುತ್ತಾರೆ, ಅವರಿಗೇ ಮನೆ ಕಟ್ಟಲಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದರು. ದೊಡ್ಡ ಗ್ರಾನೈಟ್ ಚಪ್ಪಡಿಗಳ ಪೆಟ್ಟಿಗೆಯನ್ನು ನೆಲದೊಳಗೆ ಇಳಿಸಿದ್ದಾರೆ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ್ದನ್ನು ದಾಟಿ ಮುಂದೆ ಚಾಚಿದೆ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಸುತ್ತಲಿನ ಮಣ್ಣು ಎಷ್ಟು ಒತ್ತಿದರೂ ಚಪ್ಪಡಿಗಳು ಒಂದನ್ನೊಂದು ತಡೆದು ನಿಲ್ಲುತ್ತವೆ, ಒಳಕ್ಕೆ ಬೀಳುವುದಿಲ್ಲ. ಅಲಂಕಾರಕ್ಕೆ ಮಾಡಿದ್ದಲ್ಲ, ಕಲ್ಲುಕೆಲಸ ಬಲ್ಲವರ ಉಪಾಯ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಾಮಾನು, ಮತ್ತು ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಎಲುಬುಗಳು.

ಬಿಡಿ ಎಲುಬು ಎಂದೆ. ದೇಹವನ್ನು ಇಡಿಯಾಗಿ ಇಟ್ಟಿಲ್ಲ. ಅದೇ ಬಯಲಿನಲ್ಲಿ ಕಲ್ಲಿನ ಬಳೆಯ ನಡುವೆ ಆಳವಾದ ಗುಂಡಿಗಳೂ ಇದ್ದವು, ಅವುಗಳಲ್ಲಿ ಮೂಳೆ ಇರಲಿಲ್ಲ. ಶವವನ್ನು ಮೊದಲು ಅಂಥ ಗುಂಡಿಯಲ್ಲಿ ಕೊಳೆಯಲು ಬಿಟ್ಟು, ಉಳಿದ ಎಲುಬನ್ನು ಆಯ್ದು ಕಲ್ಲಿನ ಪೆಟ್ಟಿಗೆಗೆ ತರುತ್ತಿದ್ದರು ಎಂದು ವೀಲರ್ ಊಹಿಸಿದರು. ಹಾಗಿದ್ದರೆ ಒಂದು ಸಾವು ಒಂದು ದಿನದಲ್ಲಿ ಮುಗಿಯುತ್ತಿರಲಿಲ್ಲ, ತಿಂಗಳುಗಳು ಹಿಡಿಯುತ್ತಿತ್ತು. ಕಿಂಡಿ ಯಾಕೆ ಬೇಕು ಎಂಬುದಕ್ಕೂ ಒಂದು ಉತ್ತರ ಇಲ್ಲಿ ಸಿಗುತ್ತದೆ: ಮುಂದೆ ಇನ್ನೊಬ್ಬರು ಬಂದಾಗ ಒಳಗೆ ಸೇರಿಸಲು. ಆತ್ಮ ಓಡಾಡಲು ಎನ್ನುವವರೂ ಇದ್ದಾರೆ, ಅವರೊಂದಿಗೆ ನಾನು ಜಗಳಕ್ಕೆ ಹೋಗುವುದಿಲ್ಲ. ಇದಕ್ಕೂ ನೂರು ವರ್ಷ ಹಿಂದೆ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಜೇವರ್ಗಿಯ ಕಲ್ಗುಪ್ಪೆಗಳನ್ನು ಅಗೆಸಿ, ರುಂಡ ಬೇರೆ ಮುಂಡ ಬೇರೆ ಕಂಡು, ನರಬಲಿ ಎಂದು ತೀರ್ಮಾನಿಸಿದರು. ಎಲುಬನ್ನು ಆಯ್ದು ಮತ್ತೆ ಹೂಳುವ ಪದ್ಧತಿಯೂ ಇರಬಹುದೆಂಬ ಯೋಚನೆ ಅವರಿಗೆ ಬಂದಿದ್ದರೆ ಅಷ್ಟು ರಕ್ತ ಹರಿಸುವ ಅಗತ್ಯ ಬೀಳುತ್ತಿರಲಿಲ್ಲ.

ಅದೇ ಟೇಲರ್ 1835ರಲ್ಲಿ ವರದಿ ಮಾಡಿದ್ದು ಗಂಗಾವತಿ ಬಳಿಯ ಹಿರೇಬೆಣಕಲ್. ನೀವು ಹೋಗಿರದಿದ್ದರೆ ಹೋಗಿ, ಬಿಸಿಲು ಏರುವ ಮೊದಲು ಗುಡ್ಡ ಹತ್ತಿ. ಊರವರು ಮೋರ್ಯರ ಮನೆ ಎನ್ನುವ ಸುಮಾರು 400 ಕಲ್ಲಿನ ರಚನೆಗಳಿವೆ: ಆಳೆತ್ತರದ ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿ ಕಿಂಡಿ ಕೊರೆದವು, ಬಂಡೆಯ ಕೆಳಗೆ ಗೋಡೆ ಕಟ್ಟಿದವು, ಮೊಣಕಾಲೆತ್ತರದವು. ಎತ್ತರದ ಬಂಡೆಯ ಮೇಲೆ ನಗಾರಿಯ ಆಕಾರದ ಗುಂಡು ಇದೆ. ಬಡಿದರೆ ಸದ್ದು ದೂರಕ್ಕೆ ಹೋಗುತ್ತದೆ. ಎಲ್ಲರೂ ನಗಾರಿಯ ಹತ್ತಿರ ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ನೀವು ಕೆರೆಯನ್ನೂ ನೋಡಿ. ಚಪ್ಪಡಿ ಎಬ್ಬಿಸಿದ ತಗ್ಗಿನಲ್ಲೇ ನೀರು ನಿಂತಿದೆ. ಪದರ ಪದರವಾಗಿ ಬಿಡುವ ಗ್ರಾನೈಟನ್ನು ಅಲ್ಲಿಯೇ ಬಿಡಿಸಿ ಅಲ್ಲಿಯೇ ನಿಲ್ಲಿಸಿದ್ದಾರೆ. ಕಲ್ಲು ಎತ್ತಲು ಎಷ್ಟು ಜನ ಬೇಕಾಯಿತು, ಅವರಿಗೆ ಅನ್ನ ಯಾರು ಹಾಕಿದರು, ಮೊಣಕಾಲೆತ್ತರದ್ದು ಯಾರಿಗೆ, ಆಳೆತ್ತರದ್ದು ಯಾರಿಗೆ? ನನ್ನ ಪ್ರಶ್ನೆಗಳೆಲ್ಲ ಈ ಜಾತಿಯವು.

ಇವುಗಳಿಗೆ ಉತ್ತರ ಸಿಗಬೇಕಾದರೆ ಒಳಗಿನ ಮಣ್ಣು ಉಳಿದಿರಬೇಕು. ನಿಧಿಯ ಆಸೆಗೆ ಕಲ್ಮನೆಗಳ ನೆಲ ಬಗೆದವರು ಹೊನ್ನು ಕಂಡದ್ದನ್ನು ನಾನು ಕೇಳಿಲ್ಲ. ಕಬ್ಬಿಣದ ತುಕ್ಕು, ಮಡಕೆ ಚೂರು, ಹಿಡಿ ಎಲುಬು, ಇಷ್ಟೇ ಅಲ್ಲಿರುವುದು, ಅದನ್ನೂ ಚೆಲ್ಲಾಡಿ ಹೋಗಿರುತ್ತಾರೆ. ನಿಮ್ಮಲ್ಲಿ ಹೊಲ ಇರುವವರಿಗೆ ಒಂದು ಕೋರಿಕೆ. ಪಾಯ ತೋಡುವಾಗಲೋ ಬಾವಿ ತೆಗೆಸುವಾಗಲೋ ಬೂದುಬಣ್ಣದ ಇಡೀ ಮಡಕೆ ಸಿಕ್ಕರೆ ಅದನ್ನು ಎತ್ತಬೇಡಿ, ಇದ್ದಲ್ಲಿಯೇ ಫೋಟೋ ತೆಗೆದು ತಾಲ್ಲೂಕು ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಎತ್ತಲೇಬೇಕಾಗಿ ಬಂದರೂ ಒಳಗಿನ ಮಣ್ಣನ್ನು ಸುರಿಯಬೇಡಿ, ತೊಳೆಯಬೇಡಿ. ಕೂಸಿನ ಎಲುಬು ಕರಗಿ ಹೋಗಿದ್ದರೂ ಒಸಡಿನೊಳಗಿದ್ದ ಹಲ್ಲಿನ ಮೊಗ್ಗುಗಳು ಆ ಮಣ್ಣಿನಲ್ಲಿ ಇನ್ನೂ ಇರುತ್ತವೆ. ಜೋಳದ ಕಾಳಿಗಿಂತ ಸ್ವಲ್ಪ ದೊಡ್ಡವು. ಮಗು ಎಷ್ಟು ತಿಂಗಳಿನದು ಎಂದು ಅವುಗಳಿಂದ ಹೇಳಬಹುದು.